ಮಾಗಿಯಲ್ಲಿ ಬ್ಲೇಡ್ ಜೋಪಾನ: ಫೆನ್ಸಿಂಗ್ ಓದುಗರ ಪ್ರಶ್ನೋತ್ತರ

ಸಂತೆಗೆ ಸೊಗಡಿನ ಅವರೆಕಾಯಿ ಬರುವ ಹೊತ್ತಿಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಬರುವ ಪತ್ರಗಳಲ್ಲಿ ತುಕ್ಕಿನದೇ ಮಾತು. ಈ ಸಲ ಎಂಟು ಪ್ರಶ್ನೆಗಳನ್ನು ಆರಿಸಿದ್ದೇವೆ. ಫೆನ್ಸಿಂಗ್‌ನ ಮೂರು ಬಗೆಯ ಕತ್ತಿಗಳಾದ ಫಾಯಿಲ್, ಎಪೆ, ಸೇಬರ್ ಮೂರಕ್ಕೂ ಸಲ್ಲುವುದನ್ನು ಬರೀ ‘ಬ್ಲೇಡ್’ ಎಂದು ಬರೆದಿದ್ದೇವೆ. ಒಂದಕ್ಕೇ ಸೇರಿದ್ದಾದರೆ ಅದರ ಹೆಸರು ಹೇಳಿದ್ದೇವೆ.

ಪ್ರಶ್ನೆ: ಮನೆಯಲ್ಲಿ ಗಾಣದ ಕೊಬ್ಬರಿ ಎಣ್ಣೆ ಇದೆ. ಮಗನ ಎಪೆಗೆ ಅದನ್ನೇ ಸವರುತ್ತೇವೆ. ಬೇಸಿಗೆಯಲ್ಲಿ ಏನೂ ತೊಂದರೆ ಇರಲಿಲ್ಲ. ಈಗ ಬೆಳಗಿನ ಅಭ್ಯಾಸದಲ್ಲಿ ನೇರವಾಗಿ ಚುಚ್ಚಿದರೂ ಪೆಟ್ಟು ತೋರಿಸುವ ಯಂತ್ರದಲ್ಲಿ ಲೈಟ್ ಬರುವುದಿಲ್ಲ, ಬಿಸಿಲೇರಿದ ಮೇಲೆ ತಾನಾಗಿಯೇ ಸರಿಹೋಗುತ್ತದೆ. ಏನು ಕಾರಣ? (ತಿಪಟೂರು)

ಕಾರಣ ಆ ಎಣ್ಣೆಯೇ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದ ಬೆಳಿಗ್ಗೆ ಬಾಟಲಿಯಲ್ಲಿ ಅದು ಬೆಳ್ಳಗೆ ಗಟ್ಟಿಯಾಗಿ ಕೂರುವುದು ತಿಪಟೂರಿನವರಿಗೆ ಹೊಸದಲ್ಲ. ಎಪೆಯ ತುದಿಯೊಳಗೆ ಆಗುತ್ತಿರುವುದೂ ಅದೇ. ಬ್ಲೇಡಿಗೆ ಸವರಿದ ಎಣ್ಣೆ, ಚೀಲ ತುದಿ ಕೆಳಗಾಗಿ ನಿಂತಿರುವಾಗ ನಿಧಾನವಾಗಿ ಇಳಿದು ಬಟನ್ ಸುತ್ತ ಸೇರಿಕೊಳ್ಳುತ್ತದೆ. ಎಪೆಯಲ್ಲಿ ಬಟನ್ ಒಳಗೆ ಹೋಗಿ ಎರಡು ತಂತಿಗಳನ್ನು ಕೂಡಿಸಿದರೆ ಮಾತ್ರ ಲೈಟ್. ನಡುವೆ ಗಟ್ಟಿ ಎಣ್ಣೆಯ ಪೊರೆ ಇದ್ದರೆ ವಿದ್ಯುತ್ ದಾಟುವುದಿಲ್ಲ. ಫಾಯಿಲ್‌ನಲ್ಲಿ ಇದು ತಿರುಗುಮುರುಗು. ಅಲ್ಲಿ ಸುಮ್ಮನಿದ್ದಾಗ ಕೂಡಿಕೊಂಡಿರುವ ಸರ್ಕ್ಯೂಟ್ ಚುಚ್ಚಿದಾಗ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಒಳಗೆ ಎಣ್ಣೆ ಕಟ್ಟಿದ ಫಾಯಿಲ್ ಯಾರನ್ನೂ ಮುಟ್ಟದೆಯೇ ಬಿಳಿ ಲೈಟ್ (ಪಾಯಿಂಟ್ ಸಿಗದ ಪೆಟ್ಟಿನ ಲೈಟ್) ತೋರಿಸುತ್ತದೆ.

ಮೊದಲು ತುದಿಯನ್ನು ಬಿಚ್ಚಿ ತೊಳೆಯಬೇಕು. ಅಂಚಿರುವ ಸ್ಟೀಲ್ ತಟ್ಟೆಯಲ್ಲಿ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಕೆಲಸ ಮಾಡಿ. ಪಕ್ಕದ ಎರಡು ಸ್ಕ್ರೂಗಳು ಸಾಸಿವೆಯಷ್ಟು ಸಣ್ಣವು, ನೆಲಕ್ಕೆ ಬಿದ್ದರೆ ಸಿಗುವುದಿಲ್ಲ. ಬಟನ್ನನ್ನು ಬೆರಳಿನಿಂದ ತುಸು ಒತ್ತಿಹಿಡಿದೇ ಸ್ಕ್ರೂ ತೆಗೆಯಬೇಕು, ಇಲ್ಲದಿದ್ದರೆ ಸ್ಪ್ರಿಂಗ್ ಚಿಮ್ಮುತ್ತದೆ. ಎಪೆಯಲ್ಲಿ ಎರಡು ಸ್ಪ್ರಿಂಗ್ ಇರುತ್ತವೆ. ದೊಡ್ಡದು ಒತ್ತಡದ್ದು, ಬಟನ್‌ಗೆ ಸೇರಿರುವ ಚಿಕ್ಕದು ಸಂಪರ್ಕದ್ದು. ಚಿಕ್ಕದನ್ನು ಎಳೆಯಬೇಡಿ, ತಿರುಗಿಸಬೇಡಿ. ಅದರ ಉದ್ದ ಕೂದಲೆಳೆಯಷ್ಟು ಬದಲಾದರೂ ಲೈಟ್ ಬರುವ ಹೊತ್ತು ಏರುಪೇರಾಗುತ್ತದೆ. ಕಿವಿ ಒರೆಸುವ ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಒಳಗೋಡೆ, ತಳದ ಎರಡು ಸಂಪರ್ಕಬಿಂದು, ಸ್ಪ್ರಿಂಗ್ ಎಲ್ಲವನ್ನೂ ಒರೆಸಿ. ಮೊಬೈಲ್ ರಿಪೇರಿ ಮಾಡುವವರು ‘ಐಪಿಎ’ ಎನ್ನುವುದು ಇದನ್ನೇ. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ ಬೇಡ, ಅದರಲ್ಲಿ ಎಣ್ಣೆಯ ಅಂಶ ಸೇರಿರುವುದುಂಟು. ಐದು ನಿಮಿಷ ಆರಲು ಬಿಟ್ಟು ಜೋಡಿಸಿ. ಆಮೇಲೆ ತೂಕದ ಪರೀಕ್ಷೆ ಮಾಡಿ. ಎಪೆಯ ತುದಿ 750 ಗ್ರಾಂ, ಫಾಯಿಲ್‌ನ ತುದಿ 500 ಗ್ರಾಂ ತೂಕವನ್ನು ಒತ್ತಿದ ಮೇಲೆ ತಾನಾಗಿ ಎತ್ತಬೇಕು. ಎತ್ತದಿದ್ದರೆ ಒತ್ತಡದ ಸ್ಪ್ರಿಂಗ್ ಬದಲಿಸಿ. ತುದಿಯೊಳಗೆ ಯಾವ ಎಣ್ಣೆಯನ್ನೂ ಎಂದೂ ಹಾಕಬಾರದು.

ಬ್ಲೇಡಿಗೆ ಹೊಲಿಗೆ ಮೆಷಿನ್ ಎಣ್ಣೆ ಸಾಕು. ನಮ್ಮ ಚಳಿಗೆ ಅದು ಗಟ್ಟಿಯಾಗುವುದಿಲ್ಲ, ಕೊಬ್ಬರಿ ಎಣ್ಣೆಯ ಹಾಗೆ ಹಳಸಿ ಅಂಟಾಗಿ ಧೂಳು ಹಿಡಿಯುವುದೂ ಇಲ್ಲ. ಒಂದು ಬ್ಲೇಡಿಗೆ ಮೂರರಿಂದ ನಾಲ್ಕು ಹನಿ. ಹನಿಯನ್ನು ಬಟ್ಟೆಗೆ ಹಾಕಿ, ಬ್ಲೇಡಿಗೆ ನೇರವಾಗಿ ಬೇಡ. ಬುಡದಿಂದ ತುದಿಯ ಕಡೆಗೆ ಎಳೆಯುತ್ತ ಹೋಗಿ ಕೊನೆಯ ನಾಲ್ಕು ಬೆರಳಗಲ ಬಿಟ್ಟುಬಿಡಿ. ಮುಟ್ಟಿದರೆ ಬೆರಳು ಮಿನುಗಬೇಕು, ಒದ್ದೆಯಾಗಬಾರದು. ಮರುದಿನ ಆಡುವ ಮೊದಲು ಒಣಬಟ್ಟೆಯಿಂದ ಒಮ್ಮೆ ಒರೆಸಿಬಿಡಿ, ಇಲ್ಲದಿದ್ದರೆ ಎದುರಾಳಿಯ ಬಿಳಿ ಜಾಕೆಟ್ಟಿನ ಮೇಲೆ ಗೆರೆ ಬೀಳುತ್ತದೆ.

ಪ್ರಶ್ನೆ: ನಮ್ಮದು ರೇಷ್ಮೆ ಬೇಸಾಯ. ಮನೆಯಲ್ಲಿ ಜಾಗ ಕಡಿಮೆ, ಮಗಳ ಫೆನ್ಸಿಂಗ್ ಚೀಲವನ್ನು ಹುಳು ಸಾಕುವ ಮನೆಯ ಮೂಲೆಯಲ್ಲಿ ಇಡುತ್ತೇವೆ. ಚಳಿಗಾಲದಲ್ಲಿ ಅಲ್ಲಿ ಬೆಚ್ಚಗಿರುತ್ತದೆ ಅಂತ ಇಟ್ಟದ್ದು. ಆದರೂ ವಾರದೊಳಗೆ ಬ್ಲೇಡ್ ಕೆಂಪಾಗುತ್ತದೆ. (ಶಿಡ್ಲಘಟ್ಟ)

ಇವತ್ತೇ ಚೀಲವನ್ನು ಅಲ್ಲಿಂದ ತೆಗೆದುಬಿಡಿ. ಬ್ಲೇಡ್ ಇಡಲು ಹುಳು ಮನೆಗಿಂತ ಕೆಟ್ಟ ಜಾಗ ಮೂರೂ ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ಹುಳುವಿಗೆ ಒಳ್ಳೆಯದಾದದ್ದು ಉಕ್ಕಿಗೆ ಕೇಡು. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 27ರಿಂದ 28 ಡಿಗ್ರಿ ಶಾಖ, ಶೇ. 80 ದಾಟಿದ ತೇವ ಬೇಕು. ಚಳಿಗಾಲದಲ್ಲಿ ಅದಕ್ಕಾಗಿಯೇ ಒಳಗೆ ಕಾವು ಕೊಡುತ್ತೀರಿ, ತೇವ ಹೆಚ್ಚಿಸುತ್ತೀರಿ. ಅಂಥ ಗಾಳಿಯಲ್ಲಿ 23 ಡಿಗ್ರಿಗಿಂತ ತಣ್ಣಗಿರುವ ಯಾವ ಲೋಹದ ಮೇಲಾದರೂ ನೀರು ಕೂರುತ್ತದೆ. ಮಗಳು ಬೆಳಗಿನ ಅಭ್ಯಾಸ ಮುಗಿಸಿ ಬಂದಾಗ ಬ್ಲೇಡ್ 15, 16 ಡಿಗ್ರಿಯಲ್ಲಿರುತ್ತದೆ. ಒಳಗಿಟ್ಟ ಕ್ಷಣದಲ್ಲೇ ಅದು ಬೆವರುತ್ತದೆ, ಐಸ್ ಹಾಕಿದ ಲೋಟದ ಹೊರಮೈ ಬೆವರುವ ಹಾಗೆಯೇ.

ಇದಕ್ಕಿಂತ ದೊಡ್ಡ ಅಪಾಯ ಸೋಂಕುನಿವಾರಕದ್ದು. ಒಂದು ಬೆಳೆ ಮುಗಿದು ಇನ್ನೊಂದರ ಚಾಕಿ ತರುವ ಮೊದಲು ಬ್ಲೀಚಿಂಗ್ ಪೌಡರ್ ಅಥವಾ ಕ್ಲೋರಿನ್ ಡೈಆಕ್ಸೈಡ್ ಹೊಡೆಯುತ್ತೀರಲ್ಲ, ಅದರ ಕ್ಲೋರಿನ್ ಉಕ್ಕಿನ ಮೇಲೆ ಮೇಲುಮೇಲಿನ ತುಕ್ಕನ್ನಷ್ಟೇ ತರುವುದಿಲ್ಲ, ಸೂಜಿಮೊನೆಯಷ್ಟು ಗುಂಡಿಗಳನ್ನು ಕೊರೆಯುತ್ತದೆ. ಮೇಲಿನ ತುಕ್ಕು ಉಜ್ಜಿದರೆ ಹೋಗುತ್ತದೆ, ಗುಂಡಿ ಹೋಗುವುದಿಲ್ಲ. ಬ್ಲೇಡ್ ಮುರಿಯುವ ಬಿರುಕು ಹುಟ್ಟುವುದೇ ಅಂಥ ಗುಂಡಿಯ ತಳದಲ್ಲಿ.

ಈಗಿರುವ ಬ್ಲೇಡನ್ನು ಹೀಗೆ ನೋಡಿ. ಒಣಬಟ್ಟೆಯಿಂದ ಒರೆಸಿ, ಬಿಸಿಲಿನಲ್ಲಿ ಹಿಡಿದು, ಉಗುರನ್ನು ಅಡ್ಡಕ್ಕೆ ಎಳೆಯಿರಿ. ನಡುಭಾಗದಿಂದ ತುದಿಯವರೆಗೆ ಎಲ್ಲಾದರೂ ಉಗುರು ಸಿಕ್ಕಿಕೊಂಡರೆ ಆ ಬ್ಲೇಡನ್ನು ಮಗಳ ಕೈಗೂ ಬೇರೆಯವರ ಕೈಗೂ ಕೊಡಬೇಡಿ. ಗುಂಡಿ ಇಲ್ಲದಿದ್ದರೆ 600 ನಂಬರಿನ ಉಪ್ಪುಕಾಗದಕ್ಕೆ ಎರಡು ಹನಿ ಮೆಷಿನ್ ಎಣ್ಣೆ ಹಾಕಿ ಬ್ಲೇಡಿನ ಉದ್ದಕ್ಕೆ ಮಾತ್ರ ಉಜ್ಜಿ. ಅಡ್ಡಕ್ಕೆ ಉಜ್ಜಿದ ಪ್ರತಿ ಗೀರೂ ಬ್ಲೇಡ್ ಬಾಗಿದಾಗ ಬಾಯಿಬಿಡುವ ಗೆರೆಯಾಗುತ್ತದೆ. ಉದ್ದದ ಗೀರಿಗೆ ಆ ಭಯವಿಲ್ಲ.

ಜಾಗ ಇಲ್ಲ ಅನ್ನುವುದಕ್ಕೆ ಉಪಾಯ ಇದೆ. ಬ್ಲೇಡ್ ಉದ್ದ ಹೆಚ್ಚೆಂದರೆ 90 ಸೆಂ.ಮೀ., ಹಿಡಿ ಸೇರಿ 110. ಮಲಗುವ ಕೋಣೆಯ ಬೀರುವಿನ ಮೇಲೆ ಅಡ್ಡಲಾಗಿ ಮಲಗಿಸಲು ಅಷ್ಟು ಜಾಗ ಸಾಕು. ಗೋಡೆಗೆ ಒರಗಿಸಬೇಡಿ, ನೆಲಕ್ಕೆ ತಾಗಿಸಬೇಡಿ. ಅಡುಗೆಮನೆಯ, ಬಚ್ಚಲಿನ ಗೋಡೆಯ ಹಿಂಬದಿಯೂ ಬೇಡ.

ಪ್ರಶ್ನೆ: ಡಿಸೆಂಬರ್ ತಿಂಗಳೊಂದರಲ್ಲೇ ನಮ್ಮ ಹುಡುಗನ ಎರಡು ಫಾಯಿಲ್ ಬ್ಲೇಡ್ ಮುರಿದವು. ಚಳಿಗೆ ಉಕ್ಕು ಪೆಡಸಾಗುತ್ತದಂತೆ, ನಿಜವೇ? ಆಡುವ ಮೊದಲು ಬ್ಲೇಡನ್ನು ಗ್ಯಾಸ್ ಒಲೆಗೆ ಹಿಡಿದು ಬಿಸಿ ಮಾಡಬಹುದೇ? (ಮಾಲೂರು)

ಒಲೆಗೆ ಹಿಡಿಯಲೇಬೇಡಿ. ಕಾರ್ಖಾನೆಯಲ್ಲಿ ಲೆಕ್ಕ ಹಾಕಿ ಕೊಟ್ಟ ಹದ ಬೆಂಕಿಗೆ ಹಾಳಾಗುತ್ತದೆ. ನೀಲಿ ಬಣ್ಣ ತಿರುಗಿದ ಜಾಗ ಮೆತ್ತಗಾಗಿ ಅಲ್ಲೇ ಮಡಚಿಕೊಳ್ಳುತ್ತದೆ. ಗ್ರೈಂಡಿಂಗ್ ಚಕ್ರಕ್ಕೆ ಹಿಡಿದರೂ ಇದೇ ಗತಿ.

ಚಳಿಯ ಮಾತು ನಿಜ, ಆದರೆ ನಮ್ಮ ಚಳಿಗೆ ಅದು ಲಾಗುವಾಗುವುದಿಲ್ಲ. ಕಾರ್ಬನ್ ಉಕ್ಕಿನ ಬ್ಲೇಡ್ ತಂಪು ಏರಿದಂತೆ ಪೆಟ್ಟು ತಡೆಯುವ ಶಕ್ತಿಯನ್ನು ಸ್ವಲ್ಪಸ್ವಲ್ಪವಾಗಿ ಕಳೆದುಕೊಳ್ಳುತ್ತದೆ. ನೀರು ಹೆಪ್ಪುಗಟ್ಟುವ ಊರಿನಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಾಲೂರಿನ 14, 15 ಡಿಗ್ರಿಯಲ್ಲಿ ಹಳೆಯ ಗಾಯವಿಲ್ಲದ ಬ್ಲೇಡ್ ಚಳಿಯೊಂದರಿಂದಲೇ ಮುರಿಯುವುದಿಲ್ಲ.

ಹಾಗಾದರೆ ಡಿಸೆಂಬರಿನಲ್ಲೇ ಏಕೆ? ನಮ್ಮ ಅನುಮಾನ ಹುಡುಗನ ಮೈಯ ಮೇಲೆ. ಮೈ ಕಾಯಿಸದೆ ಆಟಕ್ಕಿಳಿದರೆ ಕಾಲು ಸಾಕಷ್ಟು ಚಾಚುವುದಿಲ್ಲ, ದೂರದ ಅಂದಾಜು ತಪ್ಪುತ್ತದೆ, ಮೊಣಕೈ ಬಿಗಿಯಾಗಿ ಎದುರಾಳಿಯ ಮೇಲೆ ಹೋಗಿ ಬೀಳುತ್ತಾನೆ. ಬ್ಲೇಡ್ ಬಿಲ್ಲಿನಂತೆ ಮೇಲಕ್ಕೆ ಬಾಗುವ ಬದಲು ಪಕ್ಕಕ್ಕೋ ಕೆಳಕ್ಕೋ ಮಡಚಿಕೊಳ್ಳುತ್ತದೆ. ಹಾಗೆ ಒಮ್ಮೆ ಮಡಚಿದ ಜಾಗದಲ್ಲೇ ಮುಂದೊಂದು ದಿನ ಮುರಿತ. ಚಳಿಗಾಲದಲ್ಲಿ ಇಪ್ಪತ್ತು ನಿಮಿಷ ಓಟ, ಕಾಲ್ವರಸೆ ಮಾಡಿಸಿ, ಆಮೇಲಷ್ಟೇ ಬ್ಲೇಡ್ ಕೈಗೆ ಕೊಡಿ.

ಬ್ಲೇಡ್ ನೆಟ್ಟಗೆ ಮಾಡುವ ಕ್ರಮವನ್ನೂ ಗಮನಿಸಿ. ಕೈಯಲ್ಲಿ ಹಿಡಿದು ಒಂದೇ ಜಾಗದಲ್ಲಿ ಮಡಚುವುದು ತಪ್ಪು. ಬ್ಲೇಡನ್ನು ನೆಲಕ್ಕೆ ತಾಗಿಸಿ, ಶೂ ಅಡಿಯಲ್ಲಿ ಹಗುರಾಗಿ ಅದುಮಿ, ಹಿಡಿಯನ್ನು ತುಸು ಎತ್ತಿ ನಿಮ್ಮ ಕಡೆಗೆ ಎಳೆಯಿರಿ. ಒಂದೇ ಎಳೆತಕ್ಕೆ ಮುಗಿಸುವ ಆತುರ ಬೇಡ, ಎಂಟು ಹತ್ತು ಸಲ ಎಳೆಯಬೇಕಾದೀತು. ಚಳಿಯಿದ್ದರೆ ಮೊದಲು ಬಟ್ಟೆಯಿಂದ ಬಿರುಸಾಗಿ ಉಜ್ಜಿ ಕೈಗೆ ತಣ್ಣಗೆ ಹತ್ತದ ಹಾಗೆ ಮಾಡಿಕೊಳ್ಳಿ. ಸಮತಟ್ಟಾದ ಮೇಜಿನ ಮೇಲಿಟ್ಟಾಗ ಬಾಗು ಒಂದೇ ಸಮನಾಗಿರಬೇಕು, ಫಾಯಿಲ್ ಮತ್ತು ಎಪೆಯಲ್ಲಿ 1 ಸೆಂ.ಮೀ. ಮೀರಬಾರದು. ಸೇಬರ್‌ಗೆ 4 ಸೆಂ.ಮೀ. ತನಕ ಅವಕಾಶವಿದೆ. ಬಾಗು ಇದ್ದರೆ ತಿದ್ದಬಹುದು. ಮೊಣಕೈಯಂತೆ ಒಂದೇ ಕಡೆ ಮುರುಟಿದ್ದರೆ ತಿದ್ದಬೇಡಿ, ತೆಗೆದಿಡಿ.

ಮತ್ತೆ ಕೊಳ್ಳುವಾಗ ಕೈಗೆ ಎಟುಕುವುದಾದರೆ ಮ್ಯಾರೇಜಿಂಗ್ ಉಕ್ಕಿನದು ತನ್ನಿ. ಅದರಲ್ಲಿ ಸುಮಾರು ಶೇ. 18 ನಿಕಲ್ ಇರುತ್ತದೆ, ಕಾರ್ಬನ್ ಬಹಳ ಕಡಿಮೆ. ಬಿರುಕು ಬೆಳೆಯುವ ವೇಗ ಕಾರ್ಬನ್ ಉಕ್ಕಿನದರ ಹತ್ತರಲ್ಲೊಂದು ಪಾಲು ಎನ್ನುತ್ತಾರೆ. ‘ಮ್ಯಾರೇಜಿಂಗ್ ಮುರಿದರೂ ತುದಿ ಚಪ್ಪಟೆಯಾಗಿರುತ್ತದೆ, ಗಾಯವಾಗುವುದಿಲ್ಲ’ ಎನ್ನುವುದು ಮಾತ್ರ ಸುಳ್ಳು. ಎರಡೂ ಒಂದೇ ರೀತಿ ಚೂಪಾಗಿ ಮುರಿಯುತ್ತವೆ. ತುಕ್ಕು ಹಿಡಿಯುವುದಿಲ್ಲ ಎನ್ನುವುದೂ ಸುಳ್ಳು. ಅದು ಸ್ಟೇನ್‌ಲೆಸ್ ಅಲ್ಲ.

ಪ್ರಶ್ನೆ: ತುಕ್ಕು ಹಿಡಿದ ಬ್ಲೇಡನ್ನು ಹುಣಸೆಹಣ್ಣಿನ ರಸದಲ್ಲಿ ರಾತ್ರಿಯಿಡೀ ನೆನೆಸಿದರೆ ಫಳಫಳ ಆಗುತ್ತದೆ. ಹಿತ್ತಾಳೆ ಪಾತ್ರೆಗೆ ಮಾಡುವ ಹಾಗೆ ಇದನ್ನೂ ಮಾಡಬಹುದಲ್ಲ? (ಗೌರಿಬಿದನೂರು)

ಹಿತ್ತಾಳೆಗೆ ಹುಣಸೆ ಒಳ್ಳೆಯದು, ಬ್ಲೇಡಿಗೆ ಬೇಡ. ಹುಳಿ ಉಕ್ಕಿನ ಮೇಲೆ ಕೆಲಸ ಮಾಡುವಾಗ ಹೈಡ್ರೋಜನ್ ಹುಟ್ಟುತ್ತದೆ, ಅದರಲ್ಲಿ ಒಂದಿಷ್ಟು ಉಕ್ಕಿನ ಒಳಕ್ಕೇ ಇಳಿಯುತ್ತದೆ. ಮೆತ್ತನೆಯ ಕಬ್ಬಿಣಕ್ಕೆ ಇದರಿಂದ ಅಷ್ಟು ಬಾಧೆಯಿಲ್ಲ. ಬ್ಲೇಡಿನಂಥ ಗಟ್ಟಿ ಹದದ ಉಕ್ಕಿಗೆ ಮಾತ್ರ ಇದು ಒಳಗಿನಿಂದ ಪೆಡಸುತನ ತರುತ್ತದೆ. ಹೊರಗೆ ಫಳಫಳ ಹೊಳೆಯುವ ಬ್ಲೇಡ್, ಮುನ್ಸೂಚನೆಯನ್ನೇ ಕೊಡದೆ, ಒಂದು ಬಾಗಿಗೆ ಪಟ್ಟನೆ ತುಂಡಾಗಬಹುದು. ಇದಲ್ಲದೆ ತಂತಿ ಕೂರುವ ತೋಡಿನೊಳಗೆ ಹುಳಿ ಉಳಿದು ಅಂಟನ್ನೂ ಬಿಡಿಸುತ್ತದೆ. ನಿಂಬೆರಸ, ವಿನೆಗರ್, ತಂಪು ಪಾನೀಯ, ಬಚ್ಚಲು ತೊಳೆಯುವ ಆಸಿಡ್ ಎಲ್ಲಕ್ಕೂ ಇದೇ ಉತ್ತರ. ಈಗಾಗಲೇ ರಾತ್ರಿಯಿಡೀ ನೆನೆಸಿದ ಬ್ಲೇಡ್ ಇದ್ದರೆ ಅದನ್ನು ಆಟಕ್ಕೆ ಬಳಸಬೇಡಿ.

ಪ್ರಶ್ನೆ: ಚಳಿಗಾಲ ಶುರುವಾದಾಗಿನಿಂದ ನನ್ನ ಗಾರ್ಡ್ (ಹಿಡಿಯ ಮುಂದೆ ಕೈ ಕಾಯುವ ಬಟ್ಟಲು) ಮೇಲೆ ಎದುರಾಳಿಯ ಎಪೆ ಬಡಿದರೂ ಅವರಿಗೆ ಲೈಟ್ ಬೀಳುತ್ತಿದೆ. ಪಾಯಿಂಟ್ ಕಳೆದುಕೊಳ್ಳುತ್ತಿದ್ದೇನೆ. (ತುಮಕೂರು)

ಗಾರ್ಡಿಗೆ ತುಕ್ಕು ಹಿಡಿದಿದೆ. ಎದುರಾಳಿಯ ತುದಿ ನಿಮ್ಮ ಗಾರ್ಡನ್ನೋ ಬ್ಲೇಡನ್ನೋ ಮುಟ್ಟಿದರೆ ವಿದ್ಯುತ್ ನಿಮ್ಮ ಆಯುಧದ ಮೂಲಕ ಭೂಮಿಯ ತಂತಿಗೆ ಹರಿದುಹೋಗಿ ಲೈಟ್ ತಡೆಯಲ್ಪಡಬೇಕು. ತುಕ್ಕು ವಿದ್ಯುತ್ತನ್ನು ಸರಿಯಾಗಿ ಬಿಡುವುದಿಲ್ಲ. ತುದಿ ಬಿದ್ದ ಜಾಗದಲ್ಲಿ ಮೆಣಸಿನಕಾಳಿನಷ್ಟು ತುಕ್ಕಿದ್ದರೂ ಯಂತ್ರ ಅದನ್ನು ಮೈಗೆ ಬಿದ್ದ ಪೆಟ್ಟೆಂದೇ ತಿಳಿಯುತ್ತದೆ.

ಗಾರ್ಡಿನ ಹೊರಮೈಯನ್ನು 400 ನಂಬರಿನ ಉಪ್ಪುಕಾಗದದಿಂದ ಉಜ್ಜಿ, ಐಪಿಎ ಬಟ್ಟೆಯಿಂದ ಒರೆಸಿ. ಒಳಬದಿಯಲ್ಲಿ ತಂತಿ ಸಿಕ್ಕಿಸುವ ಸಾಕೆಟ್ ಗಾರ್ಡಿಗೆ ಸೇರುವ ಜಾಗವನ್ನೂ, ಬ್ಲೇಡ್ ಬುಡ ಗಾರ್ಡಿಗೆ ಕೂರುವ ಜಾಗವನ್ನೂ ಹೊಳೆಯುವಂತೆ ಉಜ್ಜಬೇಕು. ಬಹಳ ಜನ ಹೊರಗೆ ಮಾತ್ರ ಉಜ್ಜಿ ಒಳಗನ್ನು ಮರೆಯುತ್ತಾರೆ, ಹಾಗಾಗಿ ಲೈಟ್ ನಿಲ್ಲುವುದಿಲ್ಲ. ಹಿಡಿಯ ನಟ್ಟನ್ನು ಬಿಗಿಯಾಗಿ ತಿರುಗಿಸಿ. ಮಲ್ಟಿಮೀಟರ್ ಇದ್ದರೆ ತಂತಿಯ ತಡೆ 2 ಓಮ್ ಒಳಗಿದೆಯೇ ನೋಡಿ.

ಫಾಯಿಲ್ ಆಡುವವರಿಗೆ ಇಲ್ಲೇ ಒಂದು ಮಾತು. ತುದಿಯಿಂದ 15 ಸೆಂ.ಮೀ. ಸುತ್ತುವ ಟೇಪಿನ ಕೆಳಗೆ ಬೆವರು, ಇಬ್ಬನಿ ಸಿಕ್ಕಿಕೊಂಡು ಯಾರಿಗೂ ಕಾಣದ ಹಾಗೆ ತುಕ್ಕು ಬೆಳೆಯುತ್ತದೆ. ಮಾಗಿಯ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಟೇಪ್ ಬಿಚ್ಚಿ, ಒರೆಸಿ, ಒಣಗಿಸಿ ಹೊಸದು ಸುತ್ತಿ. ಟೇಪ್ ಸುತ್ತುವ ಜಾಗಕ್ಕೆ ಎಣ್ಣೆ ಬೇಡ, ಅಂಟು ಹಿಡಿಯುವುದಿಲ್ಲ.

ಪ್ರಶ್ನೆ: ಸರ್ಕಾರಿ ಶಾಲೆಯ ದೈಹಿಕ ಶಿಕ್ಷಕ ನಾನು. ಮಕ್ಕಳ ಹನ್ನೆರಡು ಬ್ಲೇಡ್ ಇವೆ. ಬೆಳಿಗ್ಗೆ ಆರೂವರೆಗೆ ಮೈದಾನದಲ್ಲೇ ಅಭ್ಯಾಸ, ಹುಲ್ಲಿನ ಮೇಲೆಲ್ಲ ಇಬ್ಬನಿ. ಹೆಚ್ಚು ಖರ್ಚಿಲ್ಲದೆ ಏನು ಮಾಡಬಹುದು? (ಚಿಂತಾಮಣಿ)

ಮೇಷ್ಟ್ರೇ, ನಿಮ್ಮ ಮಕ್ಕಳಿಗೆ ಒಂದೇ ಒಂದು ಅಭ್ಯಾಸ ಕಲಿಸಿ: ಬ್ಲೇಡ್ ಹುಲ್ಲಿನ ಮೇಲೆ ಇಡಬಾರದು. ಎರಡು ಗೂಟಕ್ಕೆ ಅಡ್ಡಲಾಗಿ ಬಿದಿರು ಕಟ್ಟಿ, ಮೊಳೆ ಹೊಡೆದು, ಗಾರ್ಡಿನಿಂದ ನೇತುಹಾಕುವ ಹಾಗೆ ಮಾಡಿದರೆ ಅರ್ಧ ತುಕ್ಕು ಅಲ್ಲೇ ನಿಲ್ಲುತ್ತದೆ.

ಅಭ್ಯಾಸ ಮುಗಿದ ಮೇಲೆ ಪ್ರತಿ ಮಗುವೂ ತನ್ನ ಬ್ಲೇಡನ್ನು ಹಳೆಯ ಕಾಟನ್ ಪಂಚೆಯ ಚೂರಿನಿಂದ ಬುಡದಿಂದ ತುದಿಗೆ ಮೂರು ಸಲ ಒರೆಸಲಿ. ಬೆವರಿನ ಉಪ್ಪು ಇಬ್ಬನಿಗಿಂತ ಕೆಟ್ಟದ್ದು, ಹಾಗಾಗಿ ಬುಡದ ಹತ್ತಿರ ಕೈ ತಾಗುವ ಜಾಗಕ್ಕೆ ಹೆಚ್ಚು ಗಮನ ಬೇಕು. ಎಣ್ಣೆ ವಾರಕ್ಕೊಮ್ಮೆ ಸಾಕು. 100 ಮಿ.ಲೀ. ಮೆಷಿನ್ ಎಣ್ಣೆ ಹನ್ನೆರಡು ಬ್ಲೇಡಿಗೆ ಇಡೀ ಚಳಿಗಾಲಕ್ಕೆ ಧಾರಾಳವಾಗುತ್ತದೆ.

ಸ್ಟೋರ್ ರೂಮಿನಲ್ಲಿ ಇಡುವಾಗ ಒದ್ದೆ ಕೈಗವಸು, ಜಾಕೆಟ್ಟಿನ ಜೊತೆ ಒಂದೇ ಚೀಲಕ್ಕೆ ತುರುಕಬೇಡಿ. ತುಕ್ಕಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಇದೇ. ಲೋಹದ ಎಳೆಯ ಲಾಮೆ ಜಾಕೆಟ್ಟನ್ನಂತೂ ಬೇರೆಯಾಗಿ ನೆರಳಿನಲ್ಲಿ ತೂಗುಹಾಕಿ. ತೇವ ಹೀರಲು ಅಕ್ಕಿ ಗಂಟು ಕಟ್ಟಿಡುವವರಿದ್ದಾರೆ, ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಬಣ್ಣ ಬದಲಾಗುವ ಸಿಲಿಕಾ ಜೆಲ್ 200 ಗ್ರಾಂ ತಂದು ತೆಳು ಬಟ್ಟೆಯಲ್ಲಿ ಕಟ್ಟಿ, ಮುಚ್ಚಳ ಬಿಗಿಯಾಗಿರುವ ಪೆಟ್ಟಿಗೆಯಲ್ಲಿಡಿ. ಬಣ್ಣ ತಿರುಗಿದಾಗ ಸಣ್ಣ ಉರಿಯಲ್ಲಿ ಬಾಣಲೆಯ ಮೇಲೆ ಹುರಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಆ ಬಾಣಲೆಯನ್ನು ಮತ್ತೆ ಬಿಸಿಯೂಟದ ಅಡುಗೆಗೆ ಬಳಸಲೇಬೇಡಿ.

ಪ್ರಶ್ನೆ: ಮುರಿದ ಬ್ಲೇಡನ್ನು ವೆಲ್ಡಿಂಗ್ ಮಾಡಿಸಿ ಅಭ್ಯಾಸಕ್ಕೆ ಬಳಸಬಹುದೇ? ನಮ್ಮಲ್ಲಿ ಒಳ್ಳೆಯ ವೆಲ್ಡರ್‌ಗಳಿದ್ದಾರೆ. (ಕೆಜಿಎಫ್)

ಬಳಸಬಾರದು. ಅಭ್ಯಾಸಕ್ಕೂ ಬಾರದು, ಮಕ್ಕಳ ಆಟಕ್ಕೂ ಬಾರದು. ವೆಲ್ಡರ್ ಎಷ್ಟೇ ನುರಿತವರಾದರೂ ಬೆಸುಗೆಯ ಆಚೀಚೆಯ ಉಕ್ಕಿನ ಹದ ಬೆಂಕಿಗೆ ಹೋಗಿರುತ್ತದೆ. ಅದು ಬಾಗಿದಾಗ ಬೆಸುಗೆಯ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ, ಈ ಸಲ ಎದುರಾಳಿಯ ಮೈಯ ಮೇಲೆ. 1982ರಲ್ಲಿ ರೋಮ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎದುರಾಳಿಯ ಫಾಯಿಲ್ ಮುರಿದು, ಅದರ ಮೊನೆ ಮುಖವಾಡದ ಜಾಲರಿಯನ್ನು ದಾಟಿ ಸೋವಿಯತ್ ಒಕ್ಕೂಟದ ಒಲಿಂಪಿಕ್ ಚಾಂಪಿಯನ್ ವ್ಲಾದಿಮಿರ್ ಸ್ಮಿರ್ನೋವ್ ಪ್ರಾಣ ಕಳೆದುಕೊಂಡರು. ಬ್ಲೇಡು, ಮುಖವಾಡ, ಜಾಕೆಟ್ಟುಗಳ ಇಂದಿನ ಕಟ್ಟುನಿಟ್ಟಿನ ಹಿಂದೆ ಆ ಸಾವಿದೆ. ಮುರಿದ ತುಂಡಿನ ಚೂಪು ತುದಿಗೆ ದಪ್ಪ ಟೇಪ್ ಸುತ್ತಿ ಗುಜರಿಗೆ ಹಾಕಿ. ಗಾರ್ಡ್, ಹಿಡಿ, ಸಾಕೆಟ್ ಬಿಚ್ಚಿಟ್ಟುಕೊಳ್ಳಿ, ಹೊಸ ಬ್ಲೇಡಿಗೆ ಆಗುತ್ತವೆ.

ಪ್ರಶ್ನೆ: ಜನವರಿಯಲ್ಲಿ ಮಗಳು ಪಟಿಯಾಲಕ್ಕೆ ತರಬೇತಿಗೆ ಹೋಗುತ್ತಾಳೆ. ಅಲ್ಲಿಂದ ಬಂದ ಮೇಲೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವ ತನಕ ಆಟ ಇಲ್ಲ. ಎರಡಕ್ಕೂ ಏನು ತಯಾರಿ? (ಮಧುಗಿರಿ)

ಪಟಿಯಾಲದ ಜನವರಿ ನಮ್ಮದರ ಹಾಗಲ್ಲ. ದಟ್ಟ ಮಂಜು, ರಾತ್ರಿಯ ತಾಪ ಎಷ್ಟೋ ದಿನ ಹತ್ತು ಡಿಗ್ರಿಗಿಂತ ಕೆಳಗೆ. ಅಲ್ಲಿ ಮುಖ್ಯವಾದದ್ದು ಹೊರಗಿನಿಂದ ಒಳಗೆ ಬರುವ ಹೊತ್ತು. ತಣ್ಣಗಿರುವ ಚೀಲವನ್ನು ಜನ ತುಂಬಿದ ಬೆಚ್ಚನೆಯ ಹಾಲ್‌ಗೆ ತಂದ ಕೂಡಲೇ ತೆರೆಯಬಾರದು. ಅರ್ಧ ಗಂಟೆ ಜಿಪ್ ಹಾಕಿಯೇ ಇರಲಿ. ಆಗ ನೀರು ಚೀಲದ ಹೊರಮೈ ಮೇಲೆ ಕೂರುತ್ತದೆ, ಬ್ಲೇಡಿನ ಮೇಲಲ್ಲ. ತೆರೆದ ಮೇಲೆ ಒಣಬಟ್ಟೆಯಿಂದ ಒರೆಸಿ, ಕೈಯಿಂದ ಉಜ್ಜಿ ಬಿಸಿ ತಂದು, ಗೋಡೆಗೆ ಒತ್ತಿ ನಾಲ್ಕೈದು ಸಲ ಹಗುರಾಗಿ ಬಾಗಿಸಿ, ಆಮೇಲೆ ಆಟ. ಹಾಸ್ಟೆಲಿನಲ್ಲಿ ಬ್ಲೇಡನ್ನು ಹೀಟರಿನ ಮುಂದಿಡಬಾರದು, ತಂತಿಯ ಅಂಟು ಸಡಿಲವಾಗುತ್ತದೆ. ಆ ಚಳಿಗೆ ಅಂಟೇ ಪೆಡಸಾಗಿ ಬಿರಿಯುವುದೂ ಉಂಟು. ತಂತಿ ತೋಡಿನಿಂದ ಮೇಲೆದ್ದಿದೆಯೇ ಎಂದು ದಿನವೂ ಬೆರಳಾಡಿಸಿ ನೋಡಲಿ. ವಿಮಾನವಾದರೆ ಚೀಲ ಚೆಕ್-ಇನ್ ಲಗೇಜಿಗೇ ಹೋಗಬೇಕು, ಕ್ಯಾಬಿನ್ನಿಗೆ ಬಿಡುವುದಿಲ್ಲ.

ಪರೀಕ್ಷೆಯ ತಿಂಗಳುಗಳಿಗೆ ಮೆಷಿನ್ ಎಣ್ಣೆ ಸಾಲದು, ಒಂದೆರಡು ವಾರದಲ್ಲಿ ತೆಳುವಾಗಿಬಿಡುತ್ತದೆ. ಡಬ್ಲ್ಯೂಡಿ-40 ಕೂಡ ನೀರು ಓಡಿಸಲು ಒಳ್ಳೆಯದೇ ಹೊರತು ತಿಂಗಳುಗಟ್ಟಲೆ ಕಾಯಲು ಅಲ್ಲ. ಬ್ಲೇಡನ್ನು ಐಪಿಎ ಬಟ್ಟೆಯಿಂದ ಒರೆಸಿ ಜಿಡ್ಡು ತೆಗೆದು, ಫಾಯಿಲ್ ಆದರೆ ಟೇಪ್ ಬಿಚ್ಚಿ, ಪೆಟ್ರೋಲಿಯಂ ಜೆಲ್ಲಿಯನ್ನು ಬೆರಳಿನಲ್ಲಿ ತೆಳುವಾಗಿ ಸವರಿ. ಕಡಲೆಕಾಳಿನಷ್ಟು ಜೆಲ್ಲಿ ಒಂದು ಬ್ಲೇಡಿಗೆ ಸಾಕು. ತುದಿಯ ಬಟನ್ನಿಗೆ ತಾಗದಂತೆ ಅದಕ್ಕೊಂದು ಪುಟ್ಟ ಪ್ಲಾಸ್ಟಿಕ್ ಕವರ್ ಕಟ್ಟಿ. ದಿನಪತ್ರಿಕೆ, ಹಳೆಬಟ್ಟೆ ಸುತ್ತಿಡಬೇಡಿ, ಎರಡೂ ಗಾಳಿಯ ತೇವ ಹೀರಿ ಬ್ಲೇಡಿಗೆ ಒತ್ತಿಹಿಡಿಯುತ್ತವೆ. ಯಂತ್ರದ ಬಿಡಿಭಾಗ ಸುತ್ತುವ, ತುಕ್ಕು ತಡೆಯುವ ವಿಸಿಐ ಕಾಗದ ಸಿಕ್ಕರೆ ಅದೇ ಸರಿ, ಸಿಗದಿದ್ದರೆ ಬೇಕರಿಯ ಬಟರ್ ಪೇಪರ್ ನಡೆಯುತ್ತದೆ. ಮಲಗಿಸಿ ಇಡಿ. ತಿಂಗಳಿಗೊಮ್ಮೆ ಬಿಚ್ಚಿ ನೋಡಲು ಎರಡು ನಿಮಿಷ ಸಾಕು, ಆ ಕೆಲಸ ಮಗಳ ಓದಿನ ನಡುವೆ ಬೇಡ, ನೀವೇ ಮಾಡಿ.